'ಕುಡ್ ಡೂ ವಿತ್' ಎಂಬುದರಲ್ಲಿ 'ಬೇಕು' ಎಲ್ಲಿಂದ ಬಂತು?

ತುಂತುರು:
ಒಂದು ಇಂಗ್ಲಿಷ್ ವಾಕ್ಯವನ್ನು ತಪ್ಪಾಗಿ ಓದಿ ಕಳೆದ ವಾರ ಮುಜುಗರಕ್ಕೆ ಸಿಕ್ಕಿಕೊಂಡೆ. ಹೊರದೇಶದ ಸಹೋದ್ಯೋಗಿಯೊಬ್ಬರಿಗೆ ವರದಿಯ ಕರಡನ್ನು ಕಳುಹಿಸಿದ್ದೆ. ಅವರ ಉತ್ತರದಲ್ಲಿ ಹೀಗಿತ್ತು: 'ದಿ ರಿಪೋರ್ಟ್ ಕುಡ್ ಡೂ ವಿತ್ ಎ ಶಾರ್ಟರ್ ಇಂಟ್ರೊಡಕ್ಷನ್.' ನಾನು ಒಂದೊಂದೇ ಪದ ಬಿಡಿಸಿಕೊಂಡೆ. 'ಕುಡ್' ಎಂದರೆ ಸಾಧ್ಯ, 'ಡೂ' ಎಂದರೆ ಮಾಡು, 'ವಿತ್' ಎಂದರೆ ಜೊತೆ. ಹಾಗಾದರೆ 'ಚಿಕ್ಕ ಪೀಠಿಕೆ ಇದ್ದರೂ ವರದಿ ನಡೆಯುತ್ತದೆ', ಅಂದರೆ ಈಗಿರುವುದೂ ಸರಿ, ಚಿಕ್ಕದಾದರೂ ಸರಿ ಎಂದು ತಿಳಿದುಕೊಂಡೆ. ಪೀಠಿಕೆಯನ್ನು ಮುಟ್ಟದೆ ಅಂತಿಮ ಪ್ರತಿ ಕಳುಹಿಸಿದೆ. ಎರಡು ದಿನ ಬಿಟ್ಟು 'ಪೀಠಿಕೆಯನ್ನು ಮೊಟಕುಗೊಳಿಸಲು ಕೇಳಿದ್ದೆನಲ್ಲ' ಎಂಬ ಪತ್ರ ಬಂತು.

ನನ್ನ ಪ್ರಶ್ನೆ ಇಷ್ಟು. ಆ ಮೂರು ಪದಗಳಲ್ಲಿ ಒಂದರಲ್ಲೂ 'ಬೇಕು' ಎಂಬ ಅರ್ಥವಿಲ್ಲ. ಮೂರೂ ಸೇರಿದಾಗ ಅದು ಎಲ್ಲಿಂದ ಬಂತು? 'ಕ್ಯಾನ್', 'ಮಸ್ಟ್', 'ಮೈಟ್' ಮುಂದೆ 'ಡೂ' ಬಂದು, ಅದರ ಹಿಂದೆಯೇ 'ವಿತ್', 'ವಿದೌಟ್', 'ಫಾರ್', 'ಟು' ಬಂದರೆ ಅರ್ಥ ಹಿಡಿಯಲು ಏನಾದರೂ ದಾರಿ ಇದೆಯೇ?

ಪದಮೋಹಿ:
ಅದು ನುಡಿಗಟ್ಟು. ನುಡಿಗಟ್ಟಿಗೆ ಕಾರಣ ಕೇಳಬಾರದು, ಬಾಯಿಪಾಠ ಮಾಡಬೇಕು.

ಹಳೆಯ ಮೇಷ್ಟ್ರು:
ಬಾಯಿಪಾಠ ಎಂದು ಕೈತೊಳೆದುಕೊಳ್ಳುವುದು ಬೇಡ, ಪದಮೋಹಿಯವರೇ. ಎಷ್ಟೋ ವರ್ಷ ತರಗತಿಯಲ್ಲಿ ನಿಂತವನು ನಾನು. 'ಇದು ಹೀಗೆಯೇ, ಕೇಳಬೇಡಿ' ಎಂದಾಗಲೆಲ್ಲ ಮಕ್ಕಳ ಮುಖ ಬಾಡಿದ್ದನ್ನು ಕಂಡಿದ್ದೇನೆ.

ತುಂತುರು ಅವರು ಎಡವಿದ್ದು 'ಕುಡ್' ಹತ್ತಿರ ಅಲ್ಲ, 'ಡೂ' ಹತ್ತಿರ. 'ಡೂ' ಎಂದರೆ 'ಮಾಡು' ಮಾತ್ರ ಎಂದು ನಾವೇ ಕಲಿಸಿಬಿಟ್ಟಿದ್ದೇವೆ. ಗದ್ದಲ ಮಾಡುವ ಮಕ್ಕಳಿಗೆ 'ದಟ್ ವಿಲ್ ಡೂ' ಎಂದರೆ 'ಸಾಕು, ನಿಲ್ಲಿಸಿ' ಎಂದರ್ಥ. ಅಲ್ಲಿ ಯಾರೂ ಏನನ್ನೂ ಮಾಡಬೇಕಾಗಿಲ್ಲ. ಆ 'ಡೂ' ಎಂದರೆ ಸಾಲು, ಒದಗು, ನಡೆ. 'ದಿಸ್ ಬಾಕ್ಸ್ ವಿಲ್ ಡೂ ಫಾರ್ ಎ ಟೇಬಲ್': ಮೇಜಿನ ಬದಲು ಈ ಪೆಟ್ಟಿಗೆ ಆದೀತು. 'ವಿ ಕ್ಯಾನ್ ಡೂ ವಿದೌಟ್ ಎ ಟೇಬಲ್': ಮೇಜಿಲ್ಲದೆಯೂ ನಡೆಯುತ್ತದೆ. ಕನ್ನಡದಲ್ಲಿ ಹೇಳುವಾಗ 'ಆಗು' ಬಂತು, 'ನಡೆ' ಬಂತು, 'ಸಾಕು' ಬಂತು. 'ಮಾಡು' ಒಂದು ಕಡೆಯೂ ಬರಲಿಲ್ಲ ನೋಡಿ.

ಅನುವಾದಕಿ:
ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. 'ಡೂ' ಬಗ್ಗೆ ನೀವು ಹೇಳಿದ್ದು ಸರಿ. ಆದರೆ ತುಂತುರು ಅವರ ವಾಕ್ಯದ ಗುಟ್ಟು ಇರುವುದು 'ಕುಡ್'ನಲ್ಲಿಯೇ.

'ಕುಡ್' ರೂಪದಲ್ಲಿ ಭೂತಕಾಲ, ಇಲ್ಲಿ ಅರ್ಥದಲ್ಲಿ ಅಲ್ಲ. ಇಂಗ್ಲಿಷಿನವರು ಮಾತನ್ನು ಮೆದುಗೊಳಿಸಬೇಕಾದಾಗ ಭೂತಕಾಲದ ರೂಪಕ್ಕೆ ಸರಿಯುತ್ತಾರೆ. 'ಕ್ಯಾನ್ ಯೂ'ಗಿಂತ 'ಕುಡ್ ಯೂ' ಮೆದು, 'ವಿಲ್ ಯೂ'ಗಿಂತ 'ವುಡ್ ಯೂ' ಮೆದು. ಇದನ್ನು ಓದಿದಾಗ ಪರಕೀಯ ಅನ್ನಿಸುತ್ತದೆ. ಆದರೆ ಕಚೇರಿಯ ಮೇಜಿನ ಮುಂದೆ ನಿಂತು ನಾವು ಏನು ಹೇಳುತ್ತೇವೆ? 'ಒಂದು ಸಹಿ ಬೇಕಿತ್ತು.' ಆ ಸಹಿ ನಿನ್ನೆ ಬೇಕಾಗಿತ್ತೇ? ಇಲ್ಲ, ಈಗಲೇ ಬೇಕು. 'ಬೇಕು' ಎಂದರೆ ಒರಟಾಗುತ್ತದೆಂದು 'ಬೇಕಿತ್ತು' ಎಂದು ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇವೆ.

ಆದ್ದರಿಂದ 'ಐ ಕುಡ್ ಡೂ ವಿತ್ ಸಮ್ ಹೆಲ್ಪ್' ಎಂಬುದಕ್ಕೆ ನಾನು ಬರೆಯುವುದು 'ಸ್ವಲ್ಪ ಸಹಾಯ ಬೇಕಿತ್ತು'. ನಿಮ್ಮ ಸಹೋದ್ಯೋಗಿ ಬರೆದದ್ದು 'ವರದಿಗೆ ಇನ್ನೂ ಚಿಕ್ಕ ಪೀಠಿಕೆ ಬೇಕಿತ್ತು' ಎಂದು. ಅದು ಸಲಹೆಯ ವೇಷದಲ್ಲಿರುವ ಕೋರಿಕೆ.

ತುಂತುರು:
'ಬೇಕಿತ್ತು' ಎಂದು ಓದಿದ ಕೂಡಲೇ ಎಲ್ಲವೂ ತಿಳಿಯಾಯಿತು. ದಿನವೂ ನನ್ನ ಬಾಯಲ್ಲಿ ಬರುವ ಮಾತು, ಇಂಗ್ಲಿಷಿನ ಈ ವಾಕ್ಯದ ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ.

ಬೆಳ್ಳಿಚುಕ್ಕಿ:
ಒಂದು ತಕರಾರು. 'ವರದಿಗೆ ಚಿಕ್ಕ ಪೀಠಿಕೆ ಬೇಕಿತ್ತು' ಎಂದರೆ 'ಈಗ ಕಾಲ ಮೀರಿದೆ, ಆಗಲೇ ಇರಬೇಕಿತ್ತು' ಎಂಬ ಅರ್ಥವೂ ಬರುತ್ತದೆ. ಅದು 'ಕುಡ್ ಹ್ಯಾವ್ ಡನ್ ವಿತ್'. ಇಂಗ್ಲಿಷಿನಲ್ಲಿ ಎರಡೂ ಬೇರೆ ಬೇರೆ. ಕನ್ನಡದಲ್ಲಿ ಒಂದೇ ರೂಪಕ್ಕೆ ಎರಡನ್ನೂ ಹೊರಿಸಿದರೆ ಓದುಗನಿಗೆ ಹೇಗೆ ಗೊತ್ತಾಗಬೇಕು?

ಅನುವಾದಕಿ:
ಒಪ್ಪಿದೆ. ಕಾಲ ಮೀರಿದ್ದಾದರೆ 'ಇದ್ದಿದ್ದರೆ ಚೆನ್ನಾಗಿರುತ್ತಿತ್ತು' ಎಂದು ಬಿಡಿಸಿ ಬರೆಯುತ್ತೇನೆ. 'ವಿ ಕುಡ್ ಹ್ಯಾವ್ ಡನ್ ವಿತ್ ಮೋರ್ ಟೈಮ್': ಇನ್ನಷ್ಟು ಸಮಯ ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಸಿಗಲಿಲ್ಲ ಎಂಬುದು ಅದರೊಳಗೇ ಇದೆ.

ಒಂಟಿದೋಣಿ:
'ವಿತ್' ಬಗ್ಗೆಯೇ ಮಾತಾಡುತ್ತಿದ್ದೀರಿ. 'ವಿದೌಟ್' ಕಡೆ ಬನ್ನಿ, ಅಲ್ಲಿ ಇನ್ನೂ ಸೂಕ್ಷ್ಮವಿದೆ. ಒಂದೇ ವಾಕ್ಯದಲ್ಲಿ ಮೋಡಲ್, ಅಂದರೆ 'ಕ್ಯಾನ್', 'ಮಸ್ಟ್', 'ಕುಡ್' ತರಹದ ಸಹಾಯಕ ಕ್ರಿಯಾಪದ ಮಾತ್ರ ಬದಲಿಸಿ ನೋಡೋಣ.

'ವಿ ಕ್ಯಾನ್ ಡೂ ವಿದೌಟ್ ಹಿಸ್ ಅಡ್ವೈಸ್.' ಅವರ ಸಲಹೆ ಇಲ್ಲದೆಯೂ ನಮಗೆ ನಡೆಯುತ್ತದೆ. ಇದು ನಮ್ಮ ಶಕ್ತಿಯ ಮಾತು.

'ವಿ ಮಸ್ಟ್ ಡೂ ವಿದೌಟ್ ಹಿಸ್ ಅಡ್ವೈಸ್.' ಬೇರೆ ದಾರಿಯಿಲ್ಲ, ಅವರ ಸಲಹೆ ಇಲ್ಲದೆಯೇ ನಡೆಸಬೇಕು.

'ವಿ ಕುಡ್ ಡೂ ವಿದೌಟ್ ಹಿಸ್ ಅಡ್ವೈಸ್.' ಇಲ್ಲಿ ಶಕ್ತಿಯೂ ಇಲ್ಲ, ಅನಿವಾರ್ಯತೆಯೂ ಇಲ್ಲ. ಇಲ್ಲಿರುವುದು ಬೇಸರ. ಅವರ ಸಲಹೆ ಯಾರಿಗೂ ಬೇಡವಾಗಿದೆ.

'ವಿ ಕುಡ್ ಹ್ಯಾವ್ ಡನ್ ವಿದೌಟ್ ಹಿಸ್ ಅಡ್ವೈಸ್.' ಸಲಹೆ ಬಂದೂ ಆಯಿತು, ಕಿರಿಕಿರಿಯೂ ಆಯಿತು. ಕನ್ನಡದಲ್ಲಿ ಇದಕ್ಕೆ ಅಚ್ಚುಕಟ್ಟಾದ ಮಾತಿದೆ: 'ಅದೊಂದು ಬೇಡವಾಗಿತ್ತು.' 'ಇದರ ಮೇಲೆ ಅದೊಂದು ಬೇಡವಾಗಿತ್ತು' ಎಂದು ಗೊಣಗುವಾಗ ನಾವು ಹೇಳುವುದು ಇದನ್ನೇ.

ಕ್ರಿಯಾಪದ ಅದೇ, ಪ್ರಿಪೊಸಿಷನ್ ಅದೇ. ಮೋಡಲ್ ಬದಲಾದಂತೆ ಹೇಳುವವನ ಮನಸ್ಸೇ ಬದಲಾಯಿತು.

ಪದಮೋಹಿ:
ಸರಿ, ಈ ಲೆಕ್ಕದ ಪ್ರಕಾರ 'ಕ್ಯಾನ್ ಡೂ ವಿತ್' ಎಂದೂ ಧಾರಾಳವಾಗಿ ಹೇಳಬಹುದೇ? 'ವಿದೌಟ್' ಜೊತೆ 'ಕ್ಯಾನ್' ಒಪ್ಪುತ್ತದೆ ಎಂದಮೇಲೆ 'ವಿತ್' ಜೊತೆಯೂ ಒಪ್ಪಬೇಕಲ್ಲ?

ಒಂಟಿದೋಣಿ:
ಒಪ್ಪುವುದಿಲ್ಲ. 'ಬೇಕಿತ್ತು' ಎಂಬ ಅರ್ಥಕ್ಕೆ 'ಕುಡ್' ಒಂದೇ ರೂಢಿ. 'ಐ ಕ್ಯಾನ್ ಡೂ ವಿತ್ ಎ ರೆಸ್ಟ್' ಎಂದು ಬರೆದರೆ ಓದುವವರು ಒಂದು ಕ್ಷಣ ತಡವರಿಸುತ್ತಾರೆ. ಇನ್ನು 'ಐ ಕಾಂಟ್ ಬಿ ಡೂಯಿಂಗ್ ವಿತ್ ನಾಯ್ಸ್' ಎಂದು ಬ್ರಿಟನ್ನಿನ ಆಡುಮಾತಿನಲ್ಲಿದೆ. ಅದರ ಅರ್ಥವೇ ಬೇರೆ: ಗದ್ದಲವನ್ನು ನಾನು ಸಹಿಸಲಾರೆ.

ಪದಮೋಹಿ:
ಹಾಗಾದರೆ ಕೊನೆಗೂ ಬಾಯಿಪಾಠವೇ ಆಯಿತಲ್ಲ! ನಿಯಮ ಅರ್ಧ ದಾರಿ ಕರೆದುಕೊಂಡು ಹೋಗಿ ಕೈಬಿಡುತ್ತದೆ. ನಾನು ಹೇಳಿದ್ದು ಅಷ್ಟೇ.

ಹಳೆಯ ಮೇಷ್ಟ್ರು:
ಅರ್ಧ ದಾರಿ ಬೆಳಕಿದ್ದರೆ ಅದು ಸಣ್ಣ ಉಪಕಾರವಲ್ಲ.

ಕಲಿಕೆಗಾರ:
ನನ್ನದೂ ಒಂದು ಅನುಭವ ಇದೆ. ನಾವು ಇಬ್ಬರು ಒಂದೇ ಕಡತದ ಮೇಲೆ ಕೆಲಸ ಮಾಡುತ್ತಿದ್ದೆವು. ಜೊತೆಯವರು ಸಂದೇಶ ಕಳುಹಿಸಿದರು: 'ವಾಟ್ ಹ್ಯಾವ್ ಯೂ ಡನ್ ವಿತ್ ದಿ ಫೈಲ್?' ನಾನು ಕುಳಿತು, ಯಾವ ಪುಟದಲ್ಲಿ ಏನು ತಿದ್ದಿದೆ, ಯಾವ ಕೋಷ್ಟಕ ಸೇರಿಸಿದೆ ಎಂದು ಉದ್ದನೆಯ ಪಟ್ಟಿ ಬರೆದೆ. ಅವರಿಗೆ ಬೇಕಾಗಿದ್ದು ಒಂದೇ ಸಾಲು: ಫೈಲ್ ಎಲ್ಲಿಟ್ಟಿದ್ದೀರಿ? ತಿದ್ದುಪಡಿ ಕೇಳುವುದಿದ್ದರೆ 'ಡನ್ ಟು ದಿ ಫೈಲ್' ಎನ್ನುತ್ತಿದ್ದರಂತೆ. ಈ 'ವಿತ್' ಮತ್ತು 'ಟು' ವ್ಯತ್ಯಾಸವನ್ನು ಇಂದಿಗೂ ನಾನು ಯೋಚಿಸಿಯೇ ಬಳಸಬೇಕಾಗಿದೆ.

ಹಳೆಯ ಮೇಷ್ಟ್ರು:
ಕಲಿಕೆಗಾರರೇ, 'ವಿತ್' ಎಂದರೆ 'ಜೊತೆ' ಎಂಬ ಪಾಠವನ್ನು ಒಂದು ಗಳಿಗೆ ಮರೆತುಬಿಡಿ. ನಮ್ಮ ವಿಭಕ್ತಿಗಳನ್ನು ಹಿಡಿದುಕೊಳ್ಳಿ.

'ಬೀಗದ ಕೈಯನ್ನು ಏನು ಮಾಡಿದೆ?' ಎಂದು ಕೇಳಿದರೆ ಏನರ್ಥ? ಎಲ್ಲಿಟ್ಟೆ, ಯಾರಿಗೆ ಕೊಟ್ಟೆ ಎಂದು. 'ಬೀಗದ ಕೈಗೆ ಏನು ಮಾಡಿದೆ?' ಎಂದರೆ? ಬಗ್ಗಿಸಿದೆಯೋ, ಮುರಿದೆಯೋ ಎಂದು. ದ್ವಿತೀಯಾ ವಿಭಕ್ತಿಯ 'ಅನ್ನು' ಇದ್ದ ಕಡೆ ಇಂಗ್ಲಿಷಿನ 'ಡೂ ವಿತ್' ಬರುತ್ತದೆ, ಚತುರ್ಥಿಯ 'ಗೆ' ಇದ್ದ ಕಡೆ 'ಡೂ ಟು' ಬರುತ್ತದೆ. 'ನನಗಾಗಿ ಏನು ಮಾಡಿದೆ' ಎಂದರೆ 'ಡೂ ಫಾರ್'. 'ಇದರ ಬಗ್ಗೆ ಏನು ಮಾಡೋಣ' ಎಂದರೆ 'ಡೂ ಅಬೌಟ್'. ತರಗತಿಯಲ್ಲಿ ಹೀಗೆ ಹೇಳಿಕೊಡಲು ಶುರುಮಾಡಿದ ಮೇಲೆ ಮಕ್ಕಳ ತಪ್ಪುಗಳು ಕಡಿಮೆಯಾದವು.

ಇವುಗಳ ಹಿಂದೆ ಮೋಡಲ್ ಸೇರಿಸಿ. 'ವಾಟ್ ಕ್ಯಾನ್ ಐ ಡೂ ಫಾರ್ ಯೂ?' ಎಂದರೆ ನನ್ನಿಂದ ಏನು ಆಗಬೇಕು? 'ವಾಟ್ ಕ್ಯಾನ್ ಐ ಡೂ ಅಬೌಟ್ ಇಟ್?' ಎಂದರೆ ನಾನಾದರೂ ಏನು ಮಾಡಲಿ? 'ವಾಟ್ ಕುಡ್ ಶಿ ಹ್ಯಾವ್ ಡನ್ ವಿತ್ ದಿ ಕೀ?' ಎಂದರೆ ಅವಳು ಬೀಗದ ಕೈಯನ್ನು ಏನು ಮಾಡಿರಬಹುದು, ಎಲ್ಲಿ ಇಟ್ಟಿರಬಹುದು? ಮೊದಲನೆಯದು ಸೇವೆ, ಎರಡನೆಯದು ಅಸಹಾಯಕತೆ, ಮೂರನೆಯದು ಊಹೆ.

ಕಲಿಕೆಗಾರ:
'ಕೈಯನ್ನು', 'ಕೈಗೆ' ಎಂದು ಓದಿದ ಮೇಲೆ ನನಗೆ ಇನ್ನು ಯೋಚನೆ ಬೇಕಾಗದು. ಧನ್ಯವಾದ ಮೇಷ್ಟ್ರೇ.

ಮಿಂಚುಹುಳ:
ತಡವಾಗಿ ಬಂದೆ. ಒಂದು ಚಿಕ್ಕ ಸಂದೇಹ. 'ವಾಂಟ್ ಟು ಡೂ' ಎನ್ನುತ್ತೇವೆ, 'ಟ್ರೈ ಟು ಡೂ' ಎನ್ನುತ್ತೇವೆ. 'ಕ್ಯಾನ್ ಟು ಡೂ' ಯಾಕಿಲ್ಲ?

ಬೆಳ್ಳಿಚುಕ್ಕಿ:
ಮೋಡಲ್ ಆದಮೇಲೆ ಬರಿಯ ಕ್ರಿಯಾಪದ. 'ಟು' ಇಲ್ಲ, ಎಸ್ ಇಲ್ಲ, 'ಇಂಗ್' ಇಲ್ಲ. ಕನ್ನಡವೂ ಹಾಗೆಯೇ ಅಲ್ಲವೇ? 'ಮಾಡಲು ಪ್ರಯತ್ನಿಸು' ಎನ್ನುತ್ತೇವೆ, ಆದರೆ 'ಮಾಡಬಹುದು', 'ಮಾಡಬೇಕು', 'ಮಾಡಬಾರದು' ಎನ್ನುವಾಗ ಆ 'ಲು' ಬಿದ್ದುಹೋಗುತ್ತದೆ. 'ಮಾಡತಕ್ಕದ್ದು' ಎಂಬರ್ಥದ 'ಆಟ್ ಟು' ಮಾತ್ರ ಇಂಗ್ಲಿಷಿನಲ್ಲಿ 'ಟು' ಬಿಡದೆ ಉಳಿದುಕೊಂಡಿದೆ.

ಕಾಲುದಾರಿ:
'ಮಾಡಲೂಬಹುದು' ಎಂಬುದು ಕನ್ನಡದಲ್ಲಿ ಇದೆಯಲ್ಲ, ಬೆಳ್ಳಿಚುಕ್ಕಿಯವರೇ? 'ಅವನು ಹಾಗೆ ಮಾಡಲೂಬಹುದು.' 'ಲು' ಬಿದ್ದಿಲ್ಲ.

ಬೆಳ್ಳಿಚುಕ್ಕಿ:
ಇದೆ. ಅಲ್ಲಿ 'ಊ' ಒತ್ತಿಗಾಗಿ ಬಂದಿದೆ, ಅದಕ್ಕೆ ಆಸರೆಯಾಗಿ 'ಲು' ನಿಂತಿದೆ. 'ಮಾಡಿದರೂ ಮಾಡಿಯಾನು' ಎಂಬ ಧಾಟಿ ಅದು, 'ಮೈಟ್ ವೆಲ್ ಡೂ' ಎಂಬುದಕ್ಕೆ ಹತ್ತಿರ. ಸಾಧಾರಣ ರೂಪ 'ಮಾಡಬಹುದು' ಎಂಬ ನನ್ನ ಮಾತಿಗೆ ಇದರಿಂದ ಧಕ್ಕೆಯಿಲ್ಲ.

ಕಾಲುದಾರಿ:
ಆಗಲಿ. 'ಮಾಡಿಯಾನು' ಎಂದಿರಲ್ಲ, ಅದು ಸಂತೋಷದ ಮಾತು. 'ಹಿ ಮೈಟ್ ಡೂ ಇಟ್' ಎಂಬುದಕ್ಕೆ ಎಲ್ಲರೂ 'ಮಾಡಬಹುದು' ಎಂದೇ ಬರೆಯುತ್ತಾರೆ. 'ಮಾಡಬಹುದು' ಎಂದರೆ ಅನುಮತಿಯೂ ಆಗುತ್ತದೆ, ಸಾಧ್ಯತೆಯೂ ಆಗುತ್ತದೆ. 'ಮಾಡಿಯಾನು', 'ಬಂದಾನು', 'ಆದೀತು' ಎಂಬ ಸಂಭಾವನಾರ್ಥಕ ರೂಪಗಳಲ್ಲಿ ಅನುಮತಿಯ ಗೊಂದಲವೇ ಇಲ್ಲ. ಕ್ರಿಯಾಪದದ ಒಡಲಲ್ಲೇ ಊಹೆಯನ್ನು ಇಟ್ಟುಕೊಂಡ ರೂಪವನ್ನು ನಾವು ಪತ್ರಿಕೆಗಳಲ್ಲಿ ಬರೆಯುವುದನ್ನೇ ಬಿಟ್ಟಿದ್ದೇವೆ, ಅದು ನನಗೆ ನಿಜವಾಗಿಯೂ ನೋವಿನ ವಿಷಯ.

ಅನುವಾದಕಿ:
ನನ್ನ ಅನುವಾದಗಳಲ್ಲಿ ಉಳಿಸಿಕೊಂಡಿದ್ದೇನೆ. ಪ್ರಕಾಶಕರು ಎರಡು ಕಡೆ 'ಮಾಡಬಹುದು' ಎಂದು ತಿದ್ದಿದ್ದರು, ನಾನು ಮತ್ತೆ 'ಮಾಡಿಯಾನು' ಎಂದು ಬರೆದೆ.

ಒಂಟಿದೋಣಿ:
'ಮೈಟ್ ಡೂ' ಎಂದಾಗ ನೆನಪಾಯಿತು. 'ನಾಳೆ ಬರುತ್ತೀರಾ?' ಎಂದು ಕೇಳಿದರೆ ಬ್ರಿಟನ್ನಿನವರು 'ಐ ಮೈಟ್ ಡೂ' ಎನ್ನುತ್ತಾರೆ. ಅಮೆರಿಕದವರು 'ಐ ಮೈಟ್' ಎಂದಷ್ಟೇ ಹೇಳಿ ನಿಲ್ಲಿಸುತ್ತಾರೆ. ಅಲ್ಲಿನ 'ಡೂ' ಕೂಡ 'ಮಾಡು' ಅಲ್ಲ, ಮೊದಲು ಹೇಳಿದ ಕ್ರಿಯಾಪದದ ಜಾಗ ತುಂಬಲು ಬಂದದ್ದು.

ತುಂತುರು:
ಇನ್ನೊಂದು ಕೇಳಲೇ? 'ಹ್ಯಾವ್ ಟು ಡೂ' ಎಂದರೆ ಮಾಡಬೇಕು ಎಂದು ಗೊತ್ತು. ಆದರೆ 'ದಿ ಡಿಲೇ ಮಸ್ಟ್ ಹ್ಯಾವ್ ಸಮ್‌ಥಿಂಗ್ ಟು ಡೂ ವಿತ್ ದಿ ವೆದರ್' ಎಂಬ ವಾಕ್ಯದಲ್ಲಿ 'ಮಸ್ಟ್' ಇದೆ, 'ಹ್ಯಾವ್' ಇದೆ, 'ಟು ಡೂ' ಇದೆ. ಯಾರು ಏನು ಮಾಡಬೇಕು?

ಕಾಲುದಾರಿ:
ಯಾರೂ ಏನೂ ಮಾಡಬೇಕಾಗಿಲ್ಲ. 'ಟು ಡೂ ವಿತ್' ಇಷ್ಟಕ್ಕೇ 'ಸಂಬಂಧ' ಎಂದು ಚೀಟಿ ಹಚ್ಚಿ. 'ಹ್ಯಾವ್' ಎಂದರೆ ಇದೆ. 'ಮಸ್ಟ್' ಇಲ್ಲಿ ಕಡ್ಡಾಯವಲ್ಲ, ಖಚಿತ ಊಹೆ. ತಡವಾದದ್ದಕ್ಕೂ ಹವಾಮಾನಕ್ಕೂ ಏನೋ ಸಂಬಂಧ ಇರಬೇಕು. 'ಮೇ' ಹಾಕಿದರೆ ಸಂಬಂಧ ಇರಬಹುದು, 'ಕಾಂಟ್ ಹ್ಯಾವ್ ಎನಿಥಿಂಗ್' ಎಂದರೆ ಸಂಬಂಧ ಇರಲು ಸಾಧ್ಯವೇ ಇಲ್ಲ.

ಒಂದು ಎಚ್ಚರಿಕೆ. 'ಶಿ ವೋಂಟ್ ಹ್ಯಾವ್ ಎನಿಥಿಂಗ್ ಟು ಡೂ ವಿತ್ ಹಿಮ್' ಎಂದರೆ ಮುಂದೆ ಸಂಬಂಧ ಇರುವುದಿಲ್ಲ ಎಂಬ ಭವಿಷ್ಯವಾಣಿ ಅಲ್ಲ. ಅವಳು ಅವನ ಸಹವಾಸವೇ ಬೇಡ ಎನ್ನುತ್ತಿದ್ದಾಳೆ. 'ವಿಲ್' ಎಂದರೆ ಮೂಲದಲ್ಲಿ ಇಚ್ಛೆ. ಅದರ ನಿರಾಕರಣೆ ಇಲ್ಲಿ ಹಟವಾಗಿ ಬಂದಿದೆ.

ಮಿಂಚುಹುಳ:
ಮೂಲದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 'ಕ್ಯಾನ್' ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ 'ತಿಳಿದಿರು' ಎಂಬ ಅರ್ಥವಿತ್ತು. ನಮ್ಮ 'ಬಲ್ಲೆ' ಕೂಡ ಅದೇ ದಾರಿಯಲ್ಲಿ ನಡೆದಿದೆ: 'ನಾನು ಅವನನ್ನು ಬಲ್ಲೆ' ಎಂದರೆ ತಿಳಿದಿದ್ದೇನೆ, 'ನಾನು ಓದಬಲ್ಲೆ' ಎಂದರೆ ಸಾಧ್ಯ. ತಿಳಿದವನಿಗೆ ಸಾಧ್ಯ ಎಂದು ಎರಡು ಭಾಷೆಗಳೂ ಬೇರೆ ಬೇರೆಯಾಗಿ ಕಂಡುಕೊಂಡಿವೆ.

'ಕುಡ್' ಕಾಗುಣಿತದಲ್ಲಿರುವ ಎಲ್ ಅಕ್ಷರವೂ ಆಮೇಲೆ ನುಸುಳಿದ್ದು. 'ಶುಡ್', 'ವುಡ್' ಪದಗಳಲ್ಲಿ ಅದಕ್ಕೆ ಹಕ್ಕಿದೆ, ಅವು 'ಶ್ಯಾಲ್', 'ವಿಲ್' ಮನೆಯವು. 'ಕ್ಯಾನ್' ಮನೆಯಲ್ಲಿ ಎಲ್ ಇರಲಿಲ್ಲ. ಜೊತೆಯವರನ್ನು ನೋಡಿ ತಾನೂ ತೊಟ್ಟುಕೊಂಡಿತು.

ಪದಮೋಹಿ:
ಇದು ನನಗೆ ಗೊತ್ತಿರಲಿಲ್ಲ. ಚೆನ್ನಾಗಿದೆ. ಅಂದ ಹಾಗೆ 'ಕುಡ್ ಆಫ್ ಡನ್' ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು 'ಕುಡ್ ಹ್ಯಾವ್'. ವೇಗವಾಗಿ ಹೇಳಿದಾಗ 'ಹ್ಯಾವ್' ಸವೆದು 'ಆಫ್' ಎಂದು ಕೇಳಿಸುತ್ತದೆ, ಕೇಳಿಸಿದಂತೆ ಬರೆದುಬಿಡುತ್ತಾರೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರೂ ಈ ತಪ್ಪು ಮಾಡುತ್ತಾರೆ.

ಬೆಳ್ಳಿಚುಕ್ಕಿ:
'ಕುಡ್ ಹ್ಯಾವ್ ಡನ್' ಎಂಬುದರಲ್ಲೇ ಇನ್ನೊಂದು ಕುಣಿಕೆ ಇದೆ. 'ಶಿ ಕುಡ್ ಹ್ಯಾವ್ ಡನ್ ಇಟ್' ಎಂದರೆ 'ಅವಳು ಅದನ್ನು ಮಾಡಿರಬಹುದು' ಎಂದೂ ಆಗುತ್ತದೆ, 'ಅವಳು ಅದನ್ನು ಮಾಡಬಹುದಿತ್ತು' ಎಂದೂ ಆಗುತ್ತದೆ. ಒಂದರಲ್ಲಿ ಮಾಡಿದಳೋ ಇಲ್ಲವೋ ಗೊತ್ತಿಲ್ಲ, ಇನ್ನೊಂದರಲ್ಲಿ ಮಾಡಲಿಲ್ಲ. ಇಂಗ್ಲಿಷ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿದೆ. ಕನ್ನಡ 'ಇರು' ಎಂಬುದನ್ನು ಒಮ್ಮೆ 'ಬಹುದು'ವಿನ ಹಿಂದೆ, ಒಮ್ಮೆ ಮುಂದೆ ಇಟ್ಟು ಎರಡನ್ನೂ ಬೇರ್ಪಡಿಸಿದೆ.

ಹಳೆಯ ಮೇಷ್ಟ್ರು:
ನಿಜ. ಆದರೆ ಕನ್ನಡಕ್ಕೂ ತನ್ನದೇ ಚೀಲವಿದೆ. 'ಮಾಡಬೇಕಾಗಿತ್ತು' ಎಂದು ಒಬ್ಬರು ಬರೆದರೆ ಮಾಡಿದರೋ, ಬಿಟ್ಟರೋ? 'ನಿನ್ನೆ ಆ ಕೆಲಸ ಮಾಡಬೇಕಾಗಿತ್ತು, ಅದಕ್ಕೇ ಬರಲಿಲ್ಲ' ಎಂದರೆ 'ಹ್ಯಾಡ್ ಟು ಡೂ', ಮಾಡಿದ್ದಾರೆ. 'ನಿನ್ನೆಯೇ ಆ ಕೆಲಸ ಮಾಡಬೇಕಾಗಿತ್ತು, ಮರೆತೆ' ಎಂದರೆ 'ಶುಡ್ ಹ್ಯಾವ್ ಡನ್', ಮಾಡಿಲ್ಲ. ನಮ್ಮ ಮಕ್ಕಳು 'ಶುಡ್ ಹ್ಯಾಡ್ ಟು ಡೂ' ಎಂದು ಎರಡನ್ನೂ ಹೆಣೆದು ಬರೆಯುವುದು ಇದರಿಂದಲೇ. 'ಮಸ್ಟ್ ಹ್ಯಾವ್ ಡನ್' ಎಂದಂತೂ ಬರೆಯಲೇಬಾರದು. ಅದು 'ಮಾಡಿರಬೇಕು', ಬರಿಯ ಊಹೆ. 'ಮಸ್ಟ್' ತಾನೇ ಒಂದು ಕಾಲದಲ್ಲಿ ಭೂತಕಾಲದ ರೂಪವಾಗಿತ್ತು. ಈಗ ಕಡ್ಡಾಯದ ಭೂತಕಾಲ ಹೇಳಲು 'ಹ್ಯಾಡ್ ಟು' ಎಂಬುದನ್ನು ಕರೆಯಬೇಕು.

ಕಲಿಕೆಗಾರ:
ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಎಂದು ನಮಗೆ ಕಲಿಸಿದ್ದರು. 'ಸಮ್‌ಥಿಂಗ್ ಐ ಕುಡ್ ಡೂ ವಿದೌಟ್' ಎಂದು ನಿಲ್ಲಿಸಿದರೆ ತಪ್ಪೇ?

ಕಾಲುದಾರಿ:
ತಪ್ಪಲ್ಲ. ಆ ಆಕ್ಷೇಪವನ್ನು 1672ರಲ್ಲಿ ಕವಿ ಜಾನ್ ಡ್ರೈಡನ್ ಎತ್ತಿದ್ದ. ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಅದನ್ನು ದೋಷವೆಂದು ತೋರಿಸಿ, ತನ್ನ ಬರಹದಲ್ಲೂ ಇದೆ ಎಂದು ಒಪ್ಪಿಕೊಂಡಿದ್ದ. ಆದರೆ 'ಡೂ ವಿದೌಟ್' ಒಂದೇ ಗಂಟು. 'ವಿದೌಟ್ ವಿಚ್ ಐ ಕುಡ್ ಡೂ' ಎಂದು ಬಿಚ್ಚಿ ಮುಂದಕ್ಕೆ ಎಳೆದರೆ ಓದುವವರು ಮುಗ್ಗರಿಸುತ್ತಾರೆ.

ತುಂತುರು:
ಎಲ್ಲರಿಗೂ ಧನ್ಯವಾದ. ಪೀಠಿಕೆಯನ್ನು ಮೂರು ಪುಟದಿಂದ ಒಂದಕ್ಕೆ ಇಳಿಸಿದೆ. ಕೈ ಹಾಕಿದ ಮೇಲೆ ಕೋಷ್ಟಕಗಳನ್ನೂ ಹೊಸದಾಗಿ ಬರೆದು, ಅವರ ಭಾಗದ ಅಡಿಟಿಪ್ಪಣಿಗಳನ್ನೂ ಸರಿಪಡಿಸಿ ಕಳುಹಿಸಿದೆ. ಈಗ ಉತ್ತರ ಬಂದಿದೆ: 'ಯೂ ನೀಡಂಟ್ ಹ್ಯಾವ್ ಡನ್ ಆಲ್ ದಟ್ ಫಾರ್ ಮಿ.' ಬೇಡವಾದದ್ದನ್ನು ಮಾಡಿದೆ ಎಂದು ಅಸಮಾಧಾನವೇ?

ಅನುವಾದಕಿ:
ಅಲ್ಲ. ಕೊನೆಯಲ್ಲಿರುವ 'ಫಾರ್ ಮಿ' ನೋಡಿ. ನೀವು ಮಾಡಿದ್ದೀರಿ ಎಂಬುದು 'ನೀಡಂಟ್ ಹ್ಯಾವ್ ಡನ್' ಎಂಬುದರೊಳಗೇ ಇದೆ, ಮಾಡದಿದ್ದರೂ ಸಾಗುತ್ತಿತ್ತು ಎಂಬುದೂ ಇದೆ. 'ಅಯ್ಯೋ, ನನಗಾಗಿ ಅಷ್ಟೆಲ್ಲ ಮಾಡಬೇಕಿರಲಿಲ್ಲ' ಎಂದು ನಾವು ಯಾವಾಗ ಹೇಳುತ್ತೇವೆ? ಅವರಿಗೆ ಮನಸ್ಸು ತುಂಬಿದೆ, ತುಂತುರು ಅವರೇ.